ಕಿರುಬೆರಳಿಗೆ ಸಿಗದ ಸ್ವಿಚ್

ಹಾಸಿಗೆ ಗೋದಾಮಿನ ಸೂಪರ್‌ವೈಸರ್ ಯಾರ ಗಾಡಿಯನ್ನೂ ಬಾಯಿಬಿಟ್ಟು ಕೇಳಿದವನಲ್ಲ. ಕಿರುಬೆರಳನ್ನು ಕೊಕ್ಕೆ ಮಾಡಿ ಮುಂದೆ ಚಾಚುತ್ತಿದ್ದ, ಅಷ್ಟೆ. ಎದುರಿಗಿದ್ದ ವ್ಯಾನಿನವನು ಆ ಕೊಕ್ಕೆಗೆ ಕೀ ಸಿಕ್ಕಿಸಬೇಕು. ಸಿಕ್ಕಿಸದಿದ್ದರೆ ನಾಳೆಯಿಂದ ಅವನಿಗೆ ಲೋಡಿಲ್ಲ. ವ್ಯಾನು ವ್ಯಾನಿನವನದು, ಪೆಟ್ರೋಲು ವ್ಯಾನಿನವನದು, ಸವಾರಿ ಮಾತ್ರ ಬೆರಳಿನದು.

ಆ ವ್ಯಾನಿನವರಲ್ಲಿ ಒಬ್ಬನಿಗೆ ಕುಕ್ಕರ್ ಎಂದು ಹೆಸರು ಬಿದ್ದಿತ್ತು. ಸಿಟ್ಟು ಬಂದರೆ ಮೂಗಿನಲ್ಲಿ ಬುಸ್ ಬುಸ್ ಎನ್ನುತ್ತಿದ್ದನೇ ಹೊರತು, ಅವನ ವಿಷಲ್ ಕೇಳಿದವರು ಯಾರೂ ಇರಲಿಲ್ಲ. ಹೆಂಡತಿ ಮೆಟ್ಟಿಲಿನಿಂದ ಬಿದ್ದು ಕಾಲು ಮುರಿದುಕೊಂಡ ದಿನ ಅವನ ವ್ಯಾನು ಸೂಪರ್‌ವೈಸರ್ ಮನೆಯ ಸೋಫಾ ಹೊರುತ್ತಿತ್ತು. ಅವಳು ತರಕಾರಿ ಗಾಡಿಯಲ್ಲಿ ಆಸ್ಪತ್ರೆಗೆ ಹೋದಳು.

ಇವತ್ತು ಡಿಸ್ಚಾರ್ಜ್. "ಹೋಗುವಾಗ ಎಲೆಕೋಸಿನ ಜೊತೆ ಹೋದೆ. ಬರುವಾಗಲಾದ್ರೂ ನೀವು ಬರ್ತೀರೋ, ಇಲ್ಲ ಬದನೆಕಾಯಿ ಜೊತೆ ಬರ್ಲೋ?" ಎಂದು ಫೋನಿನಲ್ಲಿ ಕೇಳಿದ್ದಳು.

ಅದಕ್ಕೇ ಬೆಳಗಾಗುತ್ತಲೇ ಮೆಕ್ಯಾನಿಕ್ ಭಾಮೈದ ವ್ಯಾನಿನ ಸೀಟಿನಡಿ ತಲೆ ತೂರಿಸಿ ಮಲಗಿದ್ದ.

"ಇದನ್ನ ಒತ್ತಿದ್ರೆ ಎಂಜಿನ್ನಿಗೆ ಪೆಟ್ರೋಲ್ ಕಳ್ಸೋ ಪಂಪಿನ ಕರೆಂಟೇ ಬಂದ್ ಆಗತ್ತೆ, ಭಾವ. ಪೈಪಲ್ಲಿ ಉಳಿದಿರೋ ಪೆಟ್ರೋಲಲ್ಲಿ ಒಂದಿಷ್ಟು ದೂರ ಹೋಗಿ, ಕೆಮ್ಮಿ, ನಿಂತುಬಿಡತ್ತೆ. ಸ್ವಿಚ್ ಇಲ್ಲಿ, ಜಾಕ್ ಹಿಂದೆ."

"ಯಾರಿಗೂ ಹೇಳ್ಬಾರ್ದು. ನಿಮ್ಮಕ್ಕಂಗೂ ಹೇಳ್ಬಾರ್ದು. ನಾನೇ ಬಂದು ಕಾಲಿಗೆ ಬಿದ್ರೂ ಹೇಳ್ಬಾರ್ದು!"

"ನೀವ್ಯಾಕೆ ಬೀಳ್ತೀರಿ ಭಾವ? ನಿಮಗೆ ಗೊತ್ತಿರತ್ತಲ್ಲ?"

"ಮಾತಿಗೆ ಹೇಳ್ದೆ ಕಣೋ. ಆಣೆ ಇಡು."

ಭಾಮೈದ ಸ್ಪ್ಯಾನರ್ ಮುಟ್ಟಿ ಆಣೆ ಇಟ್ಟ.

ಕುಕ್ಕರ್ ಗೋದಾಮಿಗೆ ಬಂದ. ಬೆಳಗಿನ ಲೋಡು ಮುಗಿಸಿ, ವ್ಯಾನಿನ ಹಿಂದೆ ಹೆಂಡತಿಗೆಂದು ಹಾಸಿಗೆ ಹಾಸಿ, ದಿಂಬಿಟ್ಟು, ಸ್ವಿಚ್ ಒತ್ತಿ ಕೆಳಗಿಳಿದ. ಕಿರುಬೆರಳು ಕಾದೇ ಇತ್ತು.

"ಅತ್ತೆ ಮನೆಯಿಂದ ಬೀರು ತರ್ಬೇಕು. ಈ ಹಾಸಿಗೆ ಯಾಕೋ? ಆಹಾ, ಬೀರುಗೆ ಗೀರು ಬೀಳಲ್ಲ, ಇರ್ಲಿ."

ಮುರಿದ ಕಾಲಿಗೆ ಹಾಸಿದ್ದು ಬೀರುವಿಗೆ! ಕುಕ್ಕರ್ ಬುಸ್ ಎಂದ. ಆದರೆ ಜೀವಮಾನದಲ್ಲಿ ಮೊದಲ ಸಲ ನಗುತ್ತ ಕೀ ಕೊಟ್ಟ.

ವ್ಯಾನು ಗೇಟಿನವರೆಗೆ ಗತ್ತಿನಿಂದ ಹೋಯಿತು. ಅಲ್ಲಿ ದಮ್ಮಿನ ಮುದುಕನಂತೆ ಕೆಮ್ಮಿ ನಿಂತಿತು. ಸರಿಯಾಗಿ ಅದೇ ಹೊತ್ತಿಗೆ ಮಾಲೀಕನ ಕಾರು ಎದುರಿಗೆ ಬಂದು ಹಾರ್ನ್ ಹೊಡೆಯತೊಡಗಿತು.

ಜನ ಸೇರಿದರು. "ಬ್ಯಾಟರಿ ಹೋಗಿದೆ" ಎಂದ ವಾಚ್‌ಮನ್. "ಪೆಟ್ರೋಲಿಗೆ ನೀರು ಬೆರೆಸಿದ್ದಾರೆ" ಎಂದ ಹಮಾಲಿ. ಜೀವಮಾನದಲ್ಲಿ ಸೈಕಲ್ಲನ್ನೂ ತುಳಿಯದ ಗುಮಾಸ್ತ ಬಾನೆಟ್ ಎತ್ತಿಸಿ, ಒಳಗಿದ್ದದ್ದನ್ನೆಲ್ಲ ಒಮ್ಮೆ ನೋಡಿ, "ಬಿಸಿಯಾಗಿದೆ" ಎಂದು ತೀರ್ಪು ಕೊಟ್ಟ. ಸೂಪರ್‌ವೈಸರ್ ಕೀ ತಿರುಗಿಸಿ ತಿರುಗಿಸಿ ಬೆವರಿನಲ್ಲಿ ಅದ್ದಿ ತೆಗೆದಂತಾಗಿದ್ದ. ಕುಕ್ಕರ್‌ನ ಹೊಟ್ಟೆಯೊಳಗೆ ಯಾರೋ ಕುಣಿಯುತ್ತಿದ್ದರು.

ಮಾಲೀಕ ಕಾರಿನ ಗಾಜು ಇಳಿಸಿದ. "ಯಾರದ್ದು ಈ ಡಬ್ಬಾ? ನಾಳೆಯಿಂದ ಇದಕ್ಕೆ ಲೋಡು ಕೊಡಬೇಡ."

ಕುಣಿತ ನಿಂತುಹೋಯಿತು. ಜೇಬಿನಲ್ಲಿ ಫೋನೂ ಬಡಿದುಕೊಂಡಿತು. "ರೀ, ಬಾಗಿಲ ಹತ್ರ ಬೆಂಚಿನ ಮೇಲೆ ಕೂರಿಸಿದಾರೆ. ಎಲ್ಲಿದ್ದೀರಿ?"

"ಹೊರಟೆ, ಹೊರಟೆ," ಎಂದವನೇ ಕುಕ್ಕರ್ ಸೂಪರ್‌ವೈಸರನನ್ನು ಸೀಟಿನಿಂದ ಇಳಿಸಿ, ಚಪ್ಪಲಿ ಹುಡುಕುವವನಂತೆ ಬಗ್ಗಿ, ಸ್ವಿಚ್ ಒತ್ತಿ ಕೀ ತಿರುಗಿಸಿದ. ವ್ಯಾನು ಗುರ್ರೆಂದಿತು.

"ನಿಲ್ಲು! ಸೀಟಿನ ಕೆಳಗೆ ಕೈ ಹಾಕಿದ್ದು ಯಾಕೆ?" ಮಾಲೀಕ ಮಾಲೀಕನಾದದ್ದು ಸುಮ್ಮನೆ ಅಲ್ಲ, ಬೇರೆಯವರ ಕೈ ಎಲ್ಲಿದೆ ಎಂಬುದರ ಮೇಲೇ ಅವನ ಕಣ್ಣು.

"ಸ್ವಿಚ್ ಸಾರ್. ಗಾಡಿ ಕದಿಯೋರಿಗೆ ಅಂತ." ಹೇಳುವಾಗ ಕುಕ್ಕರ್ ಸೂಪರ್‌ವೈಸರನನ್ನೇ ನೋಡಿದ.

ಮಾಲೀಕನ ಮುಖ ಅರಳಿತು. "ಭಲೇ! ನನ್ನ ಲೋಡು ಬಿಟ್ಟು ಗಾಡಿಗಳು ಎಲ್ಲೆಲ್ಲೋ ಸುತ್ತುತ್ತವೆ ಅಂತ ತಲೆ ಕೆಡಿಸಿಕೊಂಡಿದ್ದೆ. ಎಲ್ಲ ವ್ಯಾನಿಗೂ ಇದನ್ನ ಹಾಕಿಸಿ. ಆದರೆ ಡ್ರೈವರಿಗೇ ಗೊತ್ತಿದ್ದರೆ ಏನುಪಯೋಗ? ಜಾಗ ಸೂಪರ್‌ವೈಸರಿಗೆ ಮಾತ್ರ ಗೊತ್ತಿರಲಿ. ಲೋಡು ಇದ್ದಾಗ ಆನ್, ಇಲ್ಲದಾಗ ಆಫ್."

"ಸಾರ್, ಗಾಡಿ ನಂದು!"

"ಗಾಡಿ ನಿಂದೇ ಕಣಯ್ಯಾ. ಯಾರು ಕಿತ್ಕೊಂಡ್ರು? ಲೋಡು ನಂದು."

ಎಲ್ಲೆಲ್ಲೋ ಸುತ್ತಿದ್ದು ಯಾವ ಬೆರಳೆಂದು ಅಲ್ಲಿದ್ದ ನಾಯಿಗೂ ಗೊತ್ತಿತ್ತು. ಹಮಾಲಿ ಬೀಡಿ ಹಚ್ಚಿದ, ಗುಮಾಸ್ತ ಬಾನೆಟ್ ಮುಚ್ಚಿದ. ಬೆರಳು ಮತ್ತೆ ಕೊಕ್ಕೆಯಾಯಿತು. "ಮೊದಲು ನಿಂದೇ ಹಾಕ್ಸೋಣ. ಒಂದರ್ಧ ಗಂಟೆ."

ಕರೆಸಿದ ಮೆಕ್ಯಾನಿಕ್ ಬೇರೆ ಯಾರೂ ಅಲ್ಲ, ಭಾಮೈದನೇ. ಮದುವೆಮನೆಗೆ ಬಂದವನಂತೆ ನಗುತ್ತ ಬಂದ. ಷೆಡ್ಡಿನ ಬಾಗಿಲು ಹಾಕಿಕೊಂಡು ಅವನೂ ಸೂಪರ್‌ವೈಸರನೂ ಗುಸುಗುಸು ನಡೆಸಿದರು. ಹೊರಗೆ ಉಳಿದ ವ್ಯಾನಿನವರು ಕುಕ್ಕರ್‌ನನ್ನು ಸುತ್ತಿಕೊಂಡರು.

"ಒಂದು ಬೆರಳಿತ್ತು, ಹೇಗೋ ಸಹಿಸ್ತಿದ್ವಿ. ನೀನು ಅದಕ್ಕೆ ಇಡೀ ಕೈ ಕೊಡಿಸ್ದೆಯಲ್ಲೋ, ಮಾರಾಯ!" ಎಂದ ಅವರಲ್ಲೊಬ್ಬ ಗಡ್ಡದವನು.

ಅರ್ಧ ಗಂಟೆ ಸಂಜೆಯಾಯಿತು. ಕೊನೆಗೆ ಕೀ ಕೈಗೆ ಬಂದದ್ದೇ ತಡ, ಕುಕ್ಕರ್ ವ್ಯಾನು ಹೊರಡಿಸಿದ. ಗೇಟು ದಾಟಿ, ರಸ್ತೆಗೆ ಮೂತಿ ಚಾಚಿ, ವ್ಯಾನು ಕೆಮ್ಮಿ ನಿಂತಿತು. ಲೋಡಿಲ್ಲ, ಸ್ವಿಚ್ ಆಫ್. ಜಾಕ್ ಹಿಂದೆ ಕೈ ಹಾಕಿದರೆ ಖಾಲಿ ತೂತು.

"ಎಲ್ಲಿಟ್ಟಿದ್ದೀಯೋ?" ಎಂದು ಕೆಳಗಿಳಿದು, ಗೇಟಿನಲ್ಲಿ ನಿಂತಿದ್ದ ಭಾಮೈದನ ತೋಳು ಹಿಡಿದ.

"ಕೇಳ್ಬೇಡಿ ಭಾವ. ಆಣೆ ಇಟ್ಟಿದ್ದೀನಿ."

"ಅಲ್ಲಿ ಕೂತಿರೋದು ನಿಮ್ಮಕ್ಕ ಕಣೋ! ಕಾಲಿಗೆ ಬೀಳ್ತೀನಿ."

"ಕಾಲಿಗೆ ಬಿದ್ರೂ ಹೇಳ್ಬೇಡ ಅಂದಿದ್ದು ನೀವೇ ಅಲ್ವಾ?" ಎಂದು ಭಾಮೈದ ಹೆಮ್ಮೆಯಿಂದ ಎದೆಯುಬ್ಬಿಸಿದ.

ಕುಕ್ಕರ್ ಸೀಟಿಗೆ ಹತ್ತಿ ಕೂತ. ಎಂಜಿನ್ ಸತ್ತಿತ್ತು, ಹಾರ್ನ್ ಸತ್ತಿರಲಿಲ್ಲ. ಅದರ ಮೇಲೆ ಎರಡೂ ಅಂಗೈ ಊರಿದ. ಇಷ್ಟು ವರ್ಷ ಬಾರದ ವಿಷಲ್ ಒಂದೇ ಸಲಕ್ಕೆ ಹೊರಟು ಗೋದಾಮಿನ ತಗಡುಗಳು ನಡುಗಿದವು. ಷೆಡ್ಡಿನ ಕಡೆಯಿಂದ ಗಡ್ಡದವನ ವ್ಯಾನೂ ಕೂಗಿತು. ಅದರ ಹಿಂದೆ ಇನ್ನೊಂದು.

ಎದುರಿನಿಂದ ಬಂದ ಗಾಡಿಯೊಂದು ದಾರಿಯಿಲ್ಲದೆ ನಿಂತಿತು. ತರಕಾರಿ ಗಾಡಿ. ಬದನೆಕಾಯಿ ಮೂಟೆಗಳ ಮೇಲೆ ಬಿಳಿ ಪಟ್ಟಿ ಸುತ್ತಿದ ಕಾಲು ಚಾಚಿಕೊಂಡು ಹೆಂಡತಿ ಕೂತಿದ್ದಳು.

"ಏನ್ರೀ, ಕರ್ಕೊಂಡು ಹೋಗೋಕಂತೂ ಬರ್ಲಿಲ್ಲ. ದಾರಿನಾದ್ರೂ ಬಿಡ್ತೀರಾ?"

ಉತ್ತರವಾಗಿ ಕುಕ್ಕರ್ ಹಾರ್ನನ್ನು ಇನ್ನೂ ಬಲವಾಗಿ ಅದುಮಿದ.

ಗೇಟಿನಲ್ಲಿ ಸೂಪರ್‌ವೈಸರ್ ಒಂದು ಕಿವಿಯೊಳಗೆ ಕಿರುಬೆರಳು ತುರುಕಿಕೊಂಡು, ಭಾಮೈದನ ಕಡೆ ತಿರುಗಿ ಕಿರುಚಿದ:

"ಹಾರ್ನಿಗೂ ಒಂದು ಸ್ವಿಚ್ ಹಾಕಕ್ಕಾಗತ್ತೇನಯ್ಯಾ?"

"ಅಯ್ಯೋ ಸಾರ್," ಭಾಮೈದ ಸ್ಪ್ಯಾನರ್ ಒರೆಸಿಕೊಂಡ. "ಅದು ಇನ್ನೂ ಸುಲಭ."