ರಸ್ತೆಯ ಮೇಲಿನ ಮೆಕ್ಕೆಜೋಳ ಮತ್ತು ನನ್ನ ಮಂಡಿ

ಊರವರನ್ನೆಲ್ಲ ತಿದ್ದಬೇಕೆಂದು ಹೊರಟವರು ಮೊದಲು ಒಂದು ವಿಷಯ ಖಚಿತಪಡಿಸಿಕೊಳ್ಳಬೇಕು: ಮನೆಯಲ್ಲಿ ಅತ್ತೆ ಇರಬಾರದು. ಇದ್ದರೂ ಅವರಿಗೆ ಹೊಲ ಇರಬಾರದು. ಹೊಲ ಇದ್ದರೂ ಅದರಲ್ಲಿ ಮೆಕ್ಕೆಜೋಳ ಬೆಳೆಯಬಾರದು. ನನಗೆ ಈ ಮೂರೂ ಇವೆ. ಸಾಲದ್ದಕ್ಕೆ ನಾನು ಗ್ರಾಮ ಪಂಚಾಯಿತಿ ಸದಸ್ಯೆ. ಮಹಿಳಾ ಮೀಸಲಾತಿ ಬಂದಾಗ ಮನೆಯವರೆಲ್ಲ ಸೇರಿ ನನ್ನನ್ನು ಚುನಾವಣೆಗೆ ನಿಲ್ಲಿಸಿದರು. ಗೆದ್ದ ದಿನ ಅತ್ತೆ ಹಾಲಮ್ಮನವರು ಹಣೆಗೆ ಕುಂಕುಮ ಇಟ್ಟು, “ಮೆಂಬರ್ ಆದೆ ಅಂತ ಕೊಟ್ಟಿಗೆ ಕಸ ಮರೀಬ್ಯಾಡ” ಎಂದರು. ಇವತ್ತಿಗೂ ಮರೆತಿಲ್ಲ.

ನಮ್ಮೂರು ನ್ಯಾಮತಿಯಿಂದ ಸವಳಂಗಕ್ಕೆ ಹೋಗುವ ದಾರಿಯಲ್ಲಿದೆ. ನ್ಯಾಮತಿ ತಾಲ್ಲೂಕಾದಾಗಿನಿಂದ ನಮ್ಮೂರಿನವರಿಗೆ ನಾಳೆಯೋ ನಾಡಿದ್ದೋ ನಾವೂ ಏನೋ ಒಂದು ಆಗಿಬಿಡುತ್ತೇವೆ ಎಂಬ ಧೈರ್ಯ ಬಂದಿದೆ. ಈ ಧೈರ್ಯವನ್ನು ಮೊದಲು ಮೂಸಿ ನೋಡಿದವರು ಸೈಟು ಮಾಡುವ ಸಾಹುಕಾರರು. ಅವರ ಕಣ್ಣು ಬಿದ್ದದ್ದು ರಸ್ತೆಗೆ ಅಂಟಿಕೊಂಡ ನಮ್ಮ ಊರ ಕಣದ ಹಿಂದಿರುವ ಹೊಲಗಳ ಮೇಲೆ. ಹಿಂದೆ ಊರಿನ ಒಕ್ಕಣೆಯೆಲ್ಲ ಆ ಕಣದಲ್ಲೇ ನಡೆಯುತ್ತಿತ್ತಂತೆ. ಯಂತ್ರಗಳು ಬಂದ ಮೇಲೆ ಅತ್ತ ಹೋಗುವವರೇ ಇಲ್ಲದೆ ಜಾಲಿ ಬೆಳೆದು ನಿಂತಿದೆ. ಸಾಹುಕಾರರು ಕೇಳಿದ್ದು ಸ್ವಲ್ಪವೇ: ಕಣವನ್ನು ದಾರಿಗೆ ಬಿಟ್ಟುಕೊಡಿ, ಊರಿಗೆ ದೀಪದ ಕಂಬ ಹಾಕಿಸಿಕೊಡುತ್ತೇವೆ. ದಾರಿ ಆಯಿತೆಂದರೆ ಹಿಂದಿನ ಕಪ್ಪುನೆಲಕ್ಕೆಲ್ಲ ಸೈಟಿನ ಕಲ್ಲು ಬೀಳುತ್ತದೆ. ಅದು ನನಗೆ ಬಿಲ್‌ಕುಲ್ ಇಷ್ಟವಿರಲಿಲ್ಲ. ಅನ್ನ ಬೆಳೆಯುವ ನೆಲಕ್ಕೆ ಯಾರಾದರೂ ಕಲ್ಲು ನೆಡುತ್ತಾರೆಯೇ?

ಹಾಗಾಗಿ ಪಂಚಾಯಿತಿ ಮೀಟಿಂಗಿನಲ್ಲಿ ಎದ್ದು ನಿಂತೆ. ಸುಗ್ಗಿಯಲ್ಲಿ ಜನ ಡಾಂಬರು ರಸ್ತೆಯ ಮೇಲೆಯೇ ಕಾಳು ಒಣಗಿಸುತ್ತಾರೆ, ಸುತ್ತ ಕಲ್ಲು ಜೋಡಿಸಿಡುತ್ತಾರೆ, ಬೈಕಿನವರು ಜಾರಿ ಬೀಳುತ್ತಾರೆ. ಕಣವನ್ನು ಸರಿಮಾಡಿಕೊಟ್ಟರೆ ರಸ್ತೆಯೂ ಉಳಿಯುತ್ತದೆ, ಹೊಲವೂ ಉಳಿಯುತ್ತದೆ ಎಂದೆಲ್ಲ ಹೇಳಿದೆ. ನನ್ನ ಮಾತು ನನಗೇ ಬಹಳ ಚೆನ್ನಾಗಿ ಕೇಳಿಸುತ್ತಿತ್ತು. ಅಧ್ಯಕ್ಷರಾದ ರುದ್ರೇಶಣ್ಣ ಪೂರಾ ಕೇಳಿಸಿಕೊಂಡು, ಎಲೆ ಅಡಿಕೆಯನ್ನು ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ಸಾಗಿಸಿ, “ಅಲ್ಲಕ್ಕಾ, ನಿಮ್ಮನೆ ಜೋಳಾನೇ ರೋಡ್ ಮ್ಯಾಗೈತೆ. ನೀವೇ ಹೋಗ್ದಿರೋ ಕಣಕ್ಕೆ ಇನ್ಯಾರು ಹೋಗ್ತಾರೆ? ಗ್ರಾಮಸಭೇಲಿ ಜನ ‘ನಮಗೆ ಕಣ ಬೇಕು’ ಅಂದ್ರೆ ಇಟ್ಕೊಳಾಣ, ಇಲ್ಲಾಂದ್ರೆ ದಾರಿಗೆ ಬಿಡಾಣ” ಎಂದರು. ಎಲ್ಲರೂ ನಕ್ಕರು. ನಾನು ಕುಳಿತೆ.

ಅಂದು ಸಂಜೆ ಅತ್ತೆಯ ಮುಂದೆ ಕೂತು ರಸ್ತೆ ಬಿಡಿ ಎಂದು ಬೇಡಿಕೊಂಡೆ. “ಡಾಂಬರು ಹೆಂಗೆ ಕಾಯ್ತೈತೆ ಗೊತ್ತೇನೆ ನಿಂಗೆ? ಆ ಜಾಲಿ ಮುಳ್ಳಾಗೆ ಯಾರು ಜೋಳ ಹರವಾಕೆ ಹೋಗ್ತಾರೆ?” ಎಂದು ಅವರು ಎದ್ದೇ ಹೋದರು. ನಮ್ಮ ಯಜಮಾನರ ಕಡೆ ನೋಡಿದೆ. ಅವರು ಅಷ್ಟರಲ್ಲೇ ಎಮ್ಮೆಯ ಕಡೆ ನೋಡಲು ಶುರುಮಾಡಿದ್ದರು. ಅಮ್ಮನಿಗೂ ಹೆಂಡತಿಗೂ ಮಾತು ಹತ್ತಿದಾಗೆಲ್ಲ ಅವರಿಗೆ ಎಮ್ಮೆಯ ಆರೋಗ್ಯದ ಬಗ್ಗೆ ವಿಪರೀತ ಕಾಳಜಿ.

ಆದರೆ ನಿಜವಾದ ಕಾರಣ ಡಾಂಬರಿನ ಕಾವಲ್ಲ ಎಂಬುದು ನನಗೆ ಗೊತ್ತಿತ್ತು. ಜೋಳ ಕಾಯುವ ನೆಪದಲ್ಲಿ ಅತ್ತೆ ಕೊಡೆ ಬಿಚ್ಚಿಕೊಂಡು ರಸ್ತೆ ಬದಿಗೆ ಕೂತರೆ ಬಸ್ಸಿನ ಕಿಟಕಿಯಿಂದ ನಾಲ್ಕೂರಿನ ಸುದ್ದಿ ಬಂದು ಬೀಳುತ್ತದೆ. ಯಾರಿಗೆ ಹೆಣ್ಣು ಗೊತ್ತಾಯಿತು, ಹೊನ್ನಾಳಿಯಲ್ಲಿ ಯಾರು ಆಸ್ಪತ್ರೆ ಸೇರಿದರು, ಚನ್ನಗಿರಿ ಕಡೆ ಅಡಿಕೆ ಏನಾಯಿತು, ಎಲ್ಲವೂ ಅವರಿಗೆ ತಿಳಿದ ಮೇಲೆಯೇ ಪಂಚಾಯಿತಿಗೆ ತಿಳಿಯುವುದು. ಕಣಕ್ಕೆ ಹೋದರೆ ರಸ್ತೆಯೇ ಕಾಣದಂತೆ ನಿಂತ ಜಾಲಿಗಿಡದ ಜೊತೆ ಏನು ಮಾತಾಡುವುದು? ಪಾಪ, ಅವರದೂ ತಪ್ಪಲ್ಲ.

ಗ್ರಾಮಸಭೆಯ ದಿನ ಬಂತು. ಅತ್ತೆಯ ಜೋಳ ರಸ್ತೆಯಲ್ಲೇ ಇತ್ತು. ಜನರಿಗೆ ಹೇಳಬೇಕಾದ ಮಾತನ್ನು ಗಟ್ಟಿಯಾಗಿ ಒಪ್ಪಿಸಿಕೊಳ್ಳುತ್ತಾ ಸ್ಕೂಟರಿನಲ್ಲಿ ಹೊರಟಿದ್ದೆ. “ಬಂಧುಗಳೇ, ರಸ್ತೆಯ ಮೇಲೆ ಕಾಳು ಹರವುವುದು ಎಷ್ಟು ಅಪಾಯ ಎಂದರೆ” ಎನ್ನುವಷ್ಟರಲ್ಲಿ ಎದುರಿಗೆ ಬಸ್ಸು ಬಂತು. ಪಕ್ಕಕ್ಕೆ ಸರಿದೆ. ಪಕ್ಕದಲ್ಲಿದ್ದದ್ದು ನಮ್ಮನೆಯ ಜೋಳ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಹೋಗಿ ಕಲಗಚ್ಚಿನ ಬಾನಿಯೊಳಗೆ ಬಿತ್ತಂತೆ. ಮುಂದಿನ ಚಕ್ರ ಒಂದು ಕಡೆಗೆ ಹೋಯಿತು, ನಾನು ಇನ್ನೊಂದು ಕಡೆಗೆ. ಬಸ್ಸು ನಿಂತಿತು. ಕಿಟಕಿಗಳಲ್ಲೆಲ್ಲ ತಲೆಗಳು. “ಅಯ್ಯೋ, ಹಾಲಮ್ಮನ ಸೊಸೆ ಬಿದ್ಲು!” ಎಂದರು ಯಾರೋ. ಹೀಗೆ ನಾಲ್ಕೂರಿನ ಸುದ್ದಿ ಅಂದು ನಮ್ಮೂರಿನಿಂದಲೇ ಹೊರಟಿತು.

ಅತ್ತೆ ಕೊಡೆ ಬಿಸಾಕಿ ಓಡಿ ಬಂದರು. “ಥೂ, ಕಾಳೆಲ್ಲಾ ಚೆಲ್ಲಾಪಿಲ್ಲಿ ಮಾಡಿದ್ಯಲ್ಲೇ” ಎಂದು ಶುರುಮಾಡಿದವರು ನನ್ನ ಸೀರೆಯ ಮೇಲಿನ ರಕ್ತ ನೋಡಿ ನಿಂತುಬಿಟ್ಟರು. ಜೋಳದ ಮೇಲೆಯೇ ಕುಕ್ಕರುಗಾಲಲ್ಲಿ ಕೂತು ತಮ್ಮ ಸೆರಗು ಹರಿದು ಮಂಡಿಗೆ ಕಟ್ಟಿದರು. ಕಾಲಡಿಯ ಕಾಳಿನ ಕಡೆ ನೋಡಲೇ ಇಲ್ಲ. ಮದುವೆಯಾಗಿ ಬಂದಾಗಿನಿಂದ ಅವರು ಕಾಳು ಮರೆತದ್ದನ್ನು ನಾನು ನೋಡಿರಲಿಲ್ಲ. ನನಗೆ ನೋವಿಗಿಂತ ಹೆಚ್ಚಾಗಿ ಅದಕ್ಕೇ ಅಳು ಬಂತು. “ಬಸ್ಸಿನ ಗಾಲಿ ಒಂಚೂರು ಈ ಕಡೀಕೆ ಬಂದಿದ್ರೆ…” ಎಂದು ಗಂಟು ಬಿಗಿದರು.

ಸಭೆಗೆ ನಾನು ಅತ್ತೆಯ ಹೆಗಲು ಹಿಡಿದು ಕುಂಟುತ್ತಾ ಹೋದೆ. ಕಣದ ವಿಷಯ ಬಂದಾಗ ಮಾತಾಡಲು ಎದ್ದೆ. ಮಂಡಿ ಚುರ್ ಎಂದಿತು, ಕೂತೆ. ಅತ್ತೆ ಎದ್ದರು. “ರುದ್ರೇಶ, ಜಾಲಿ ಬೆಳೆಸಿಟ್ಟು ಕಣಕ್ಕೆ ಯಾರೂ ಬರಲ್ಲ ಅಂದ್ರೆ ಹೆಂಗಪ್ಪಾ? ನಾಳೆ ಜಾಲಿ ಕಡಿಸು. ನೆಲ ಗಟ್ಟಿ ಮಾಡ್ಸು. ಮೊದ್ಲು ನಮ್ ಜೋಳಾನೇ ಬರ್ತೈತೆ. ದೇವ್ರು ದೊಡ್ಡೋನು, ನನ್ ಸೊಸೆ ಉಳಿದ್ಲು. ಇನ್ನೊಬ್ಬರ ಮನೆ ಮಗ ಬಿದ್ರೆ ಏನ್ ಮಾಡ್ತೀಯ?” ಎಂದರು. ಅತ್ತೆ ಕೂರಲು ಹೋಗಿ, ಮತ್ತೆ ನಿಂತು, “ಹಾಂ, ಒಂದು ಕಟ್ಟೆ ಕಟ್ಸು, ಕೂರಾಕೆ. ಕಟ್ಟೆ ರೋಡಿನ ಕಡೀಕೆ ಮುಖ ಮಾಡಿರ್ಬೇಕು” ಎಂದರು. ಹೆಂಗಸರೆಲ್ಲ ಗೊಳ್ಳೆಂದು ನಕ್ಕು, “ನಾವೂ ಬರ್ತೀವಿ, ಕಟ್ಟೆ ಉದ್ದಕ್ಕಿರಲಿ” ಎಂದು ಕೈ ಎತ್ತಿದರು. ರುದ್ರೇಶಣ್ಣನಿಗೂ ನಗು ತಡೆಯಲಾಗಲಿಲ್ಲ. ಕಣ ಊರಿಗೇ ಉಳಿಯಬೇಕೆಂದು ಠರಾವು ಆಯಿತು. ಸಾಹುಕಾರರ ಕಡೆಯವರು ಕಾಫಿಗೂ ನಿಲ್ಲದೆ ಹೋದರು.

ಈಗ ಉದ್ಯೋಗ ಖಾತ್ರಿಯಲ್ಲಿ ಕಣಕ್ಕೆ ಸಿಮೆಂಟ್ ಬಿದ್ದಿದೆ. ರಸ್ತೆ ಬದಿಯ ಕಟ್ಟೆಯ ಮೇಲೆ ಕೊಡೆಗಳ ಸಾಲು. ಬಸ್ಸಿನ ಡ್ರೈವರು ಅಲ್ಲಿ ತಾನಾಗಿಯೇ ನಿಧಾನ ಮಾಡುತ್ತಾನೆ, ಇಲ್ಲದಿದ್ದರೆ ಬೈಗುಳ. ಹಿಂದಿನ ಹೊಲಗಳಲ್ಲಿ ಜೋಳ ಮತ್ತೆ ಎದೆಯುದ್ದ ನಿಂತಿದೆ. ನೋಡಿದರೆ ಜೀವಕ್ಕೆ ತಂಪು.

ನನ್ನ ಭಾಷಣ ಮಾತ್ರ ಯಾರೂ ಕೇಳಲೇ ಇಲ್ಲ. ಇಷ್ಟು ಕಾಲ ನನ್ನ ಬಾಯಿ ಮಾಡಲಾಗದ ಕೆಲಸವನ್ನು ಮಂಡಿ ಒಂದೇ ಏಟಿಗೆ ಮಾಡಿತು ಎಂಬುದು ಊರಿಗೆಲ್ಲ ಗೊತ್ತಾಗಿದೆ. ಮೊನ್ನೆ ಕೆಳಗಿನ ಕೇರಿಯವರು ಮನೆಗೆ ಬಂದರು. ಅವರ ಕೇರಿಯ ಚರಂಡಿ ಬಾಯ್ತೆರೆದು ಯಾವ ಕಾಲವಾಯಿತೋ, ಎಷ್ಟು ಅರ್ಜಿ ಕೊಟ್ಟರೂ ಚಪ್ಪಡಿ ಬಿದ್ದಿಲ್ಲ. ಚಹಾ ಕುಡಿದು, ಒಬ್ಬರ ಮುಖ ಒಬ್ಬರು ನೋಡಿಕೊಂಡು, ಕೊನೆಗೆ ಹಿರಿಯರೊಬ್ಬರು ಬಹಳ ಸಂಕೋಚದಿಂದ ಕೇಳಿದರು: “ತಪ್ಪು ತಿಳೀಬ್ಯಾಡ್ರಿ ಮೆಂಬರೇ, ಪುರುಸೊತ್ತಾದಾಗ ನಮ್ ಚರಂಡಿ ಹತ್ರಾನೂ ಒಂದ್ಸಲ ಬಿದ್ದು ಹೋಗ್ರಲ್ಲ?”

ನಾನು ಅತ್ತೆಯ ಮುಖ ನೋಡಿದೆ. ಅವರು ನನ್ನ ಇನ್ನೊಂದು ಮಂಡಿಯನ್ನು ನೋಡುತ್ತಿದ್ದರು.