ಬೀಗತಿ ಕೇಳಿದ ಟಕ್ ಟಕ್

ನಾನು ದೇವರನ್ನು ಬೇಡುವುದು ಚಮಚದಷ್ಟು. ಆತ ಕೊಡುವುದು ಮಾತ್ರ ಕೊಡಗಟ್ಟಲೆ. ಹೀಗಾಗಿ ನಮ್ಮ ಮನೆಯಲ್ಲಿ ಒಂದಿಲ್ಲೊಂದು ಫಜೀತಿ ನಡೆದೇ ಇರುತ್ತದೆ. ಇದು ಗಾಡಿಯ ಫಜೀತಿ.

೧. ಗಾಡಿಗೆ ಕೆಮ್ಮು

ಭೀಮರಾಯನಗುಡಿ ಕ್ಯಾಂಪಿನ ಕಾಲುವೆ ಕಚೇರಿಯಲ್ಲಿ ನಾನು ಗುಮಾಸ್ತ. ಕಾಲುವೆ ಕೆಲಸ ಮುಗಿಸಿ ಹೊರಟ ಗುತ್ತಿಗೆದಾರರೊಬ್ಬರು ತಮ್ಮ ಹಳೆಯ ಟರ್ಬೊ ಡೀಸೆಲ್ ಕಾರನ್ನು ನನಗೆ ಮಾರಿದರು. ಪ್ರಸಾದವೆಂದೇ ಕಣ್ಣಿಗೊತ್ತಿಕೊಂಡೆ. ಒಂದು ದಿನ ಕಾಲುವೆ ಏರಿ ಹತ್ತುವಾಗ ಆ ಪ್ರಸಾದದೊಳಗಿಂದ ‘ಟಕ್ ಟಕ್ ಟಕ್’ ಎಂಬ ಬಡಿತ ಶುರುವಾಯಿತು.

ಬಡಿತ ಬಂದ ಹೊತ್ತೂ ಸರಿಯಿರಲಿಲ್ಲ. ಕೆಂಭಾವಿಗೆ ಕೊಟ್ಟ ಮಗಳಿಗೆ ಏಳನೆಯ ತಿಂಗಳು. ಚೊಚ್ಚಲ ಹೆರಿಗೆಗೆ ಕರೆತರಬೇಕು. ಎಂಟಕ್ಕೆ ಬಿದ್ದರೆ ಅವರ ಮನೆಯಲ್ಲಿ ಕಳಿಸುವ ಪದ್ಧತಿಯಿಲ್ಲ. ಕರೆಯಲು ಹೋದೆ. ನಮ್ಮ ಬೀಗತಿ, ಅಂದರೆ ಮಗಳ ಅತ್ತೆ, ಕುರಿ ಸಾಕಿದ ಹೆಣ್ಣುಮಗಳು. ಬಾನೆಟ್ಟಿಗೆ ಕಿವಿ ಹಚ್ಚಿದರು.

“ಬೀಗರ, ಇದಕ್ಕ ಕೆಮ್ಮು ಐತ್ರಿ.”

“ದೇವರದಾನ ಬಿಡ್ರಿ.”

“ದೇವರದಾನ ಖರೇ, ಕೆಮ್ಮೂ ಐತಲ್ರಿ! ಕೆಮ್ಮೋ ಕುರೀನ ನಾ ಸಂತಿಗಿ ಸುದ್ದಾ ಹೊಡ್ಯಾಂಗಿಲ್ಲ. ಇದರಾಗ ಬಸರಿ ಹೆಣ್ಣಮಗಳನ್ನ ಕುಂದರಸಲೇನು?”

“ಬಾಡಿಗಿ ಗಾಡಿ ತರ್ತೀನ್ರಿ.”

“ಸ್ವಂತ ಗಾಡಿ ಇಟಗೊಂಡು ಮಗಳಿಗಿ ಬಾಡಿಗಿ ಗಾಡಿ? ಮಂದಿ ಏನಂದಾರು? ಇದಕ್ಕ ಆರಾಮಾದ ಮ್ಯಾಲ ಬರ್ರಿ.”

ಬಾಗಿಲ ಮರೆಯಲ್ಲಿ ಮಗಳು ಪಿಸುಗುಟ್ಟಿದಳು: “ಅಪ್ಪಾ, ಹ್ಯಾಂಗರ ಮಾಡಿ ಕರಕೊಂಡು ಹೋಗು. ಇಲ್ಲಿ ಕುಂತ್ರೂ ಅತ್ತಿ ಮಾತು, ನಿಂತ್ರೂ ಅತ್ತಿ ಮಾತು. ಅವ್ವನ ಹಂತ್ಯಾಕ ಸುಮ್ಮನ ಮಲಗಬೇಕು ನಾ.”

ಹೊರಡುವಾಗ ಬೀಗತಿ ದೇವರ ಭಂಡಾರದ ಅರಿಶಿನ ತಂದು ಹಚ್ಚಿದರು. ನನ್ನ ಹಣೆಗಲ್ಲ, ಬಾನೆಟ್ಟಿಗೆ.

೨. ಟರ್ಬೊದ ಆಸೆಬುರುಕತನ

ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನವರಿಗೆ ತಿಳಿಯದ ವಿಷಯವಿಲ್ಲ.

“ದೇವರು ಕೊಟ್ಟ ಗಾಳಿ ಸಾಲದಂತ ಟರ್ಬೊ ಹಚ್ಚಿ ಒತ್ತಿ ಒತ್ತಿ ತುಂಬ್ತಾರ್ರಿ. ಆಸಿಬುರಕತನ ಅದು! ಅದಕ್ಕ ಎಂಜಿನ್ ಎದಿ ಬಡಕೊಳ್ಳಾಕತ್ತೈತಿ.”

ದೇವರ ಮಾತು ಬಂದರೆ ನನ್ನ ಮನಸ್ಸು ಅಳುಕುತ್ತದೆ. ಎಂಟನೆಯ ತಿಂಗಳು ಬೇರೆ ಹತ್ತಿರ ಬರುತ್ತಿತ್ತು. ಗಾಡಿಯ ಹೆಸರಿನಲ್ಲಿ ಒಪ್ಪತ್ತು ಊಟ ಹಿಡಿದೆ. ಹೆಂಡತಿ ಒಂದೆರಡು ದಿನ ನೋಡಿ, ತಟ್ಟೆ ಮುಂದಿಟ್ಟು ಕೇಳಿದಳು: “ಉಪಾಸ ನಿಮಗ, ಡೀಸಲ್ ಅದಕ್ಕ. ಗುಣ ಯಾರಿಗಿ ಆಗಬೇಕ್ರಿ?”

೩. ಉಸ್ತಾದನ ಪರೀಕ್ಷೆ

ಉಂಡು, ಶಹಾಪುರದ ಗ್ಯಾರೇಜಿಗೆ ಹೋದೆ. ಉಸ್ತಾದ ಮೊದಲು ಹೆದರಿಸಿದ: “ಬೇರಿಂಗ್ ಹೋಗಿದ್ರ ಎಂಜಿನ್ ಪೂರಾ ಬಿಚ್ಚಬೇಕ್ರಿ. ತಿಂಗಳಾಗ್ತೈತಿ.”

ತಿಂಗಳು! ಅಷ್ಟರಲ್ಲಿ ಮಗಳು ಎಂಟಕ್ಕೆ ಬೀಳುತ್ತಾಳೆ. ಮನಸ್ಸಿನಲ್ಲೇ ಜಪ ಹಿಡಿದೆ. ಅವನು ಆಯಿಲ್ ಇಳಿಸಿ ಬೆರಳಲ್ಲಿ ತಿಕ್ಕಿ ನೋಡಿದ. ಲೋಹದ ಪುಡಿ ಇರಲಿಲ್ಲ, ಅಂದರೆ ಬೇರಿಂಗ್ ಉಳಿದಿತ್ತು. ಹೊಸ ಆಯಿಲ್ ಹಾಕಿ ಎಂಜಿನ್ ಚಾಲೂ ಮಾಡಿ, ಡೀಸೆಲ್ ಪೈಪುಗಳನ್ನು ಒಂದೊಂದಾಗಿ ಸಡಿಲಿಸತೊಡಗಿದ. ಯಾವ ಪೈಪು ಸಡಿಲಿಸಿದಾಗ ಬಡಿತ ನಿಲ್ಲುತ್ತದೋ ಅಲ್ಲೇ ದೋಷ. ಮೊದಲನೆಯದು: ಟಕ್ ಟಕ್. ಎರಡನೆಯದು: ಟಕ್ ಟಕ್. ನನ್ನ ಜಪ ನನಗರಿವಿಲ್ಲದೆ ಏರುತ್ತಾ ಹೋಯಿತು.

ಉಸ್ತಾದ ತಲೆಯೆತ್ತಿದ. “ಸಾಹೇಬ್ರ, ಅದು ‘ಟಕ್ ಟಕ್’ ಅಂತೈತಿ, ನೀವು ‘ಶಿವ ಶಿವ’ ಅಂತೀರಿ. ಇಬ್ಬರೊಳಗ ಒಬ್ರು ಸುಮ್ಮನಿರ್ರಿ!”

ನಾನು ಬಾಯಿ ಮುಚ್ಚಿದೆ. ಅವನು ಮೂರನೆಯ ಪೈಪು ಸಡಿಲಿಸಿದ. ಎಂಜಿನ್ನಿನ ಟಕ್ ಟಕ್ ಕೂಡ ಬಾಯಿ ಮುಚ್ಚಿತು.

“ನಾಜಲ್ ಕೆಟ್ಟೈತ್ರಿ. ಡೀಸಲ್ ಮಂಜಿನಂಗ ಬೀಳಬೇಕು, ಹನಿ ಹನಿ ಸೋರಾಕತ್ತೈತಿ. ಅದಕ್ಕ ಬಡೀತೈತಿ.”

“ದೇವರು ದೊಡ್ಡಾಂವ!” ಎಂದು ಕೈಮುಗಿದೆ.

“ಹೌದ್ರಿ. ಹೊಸಾ ನಾಜಲ್ ಮಾತ್ರ ಯಾದಗಿರಿಯಿಂದ ತರಬೇಕ್ರಿ.”

೪. ಗುಣವಾದ ಗಾಡಿ

ಹೊಸ ನಾಜಲ್ ಕೂಡಿಸಿದ ಮೇಲೆ ಕೆಂಭಾವಿಗೆ ಹೋದೆ. ಎಂಟಕ್ಕೆ ಬೀಳಲು ಇನ್ನೂ ದಿನಗಳಿದ್ದವು. ಬೀಗತಿ ಬಂದು ಬಾನೆಟ್ಟಿಗೆ ಕಿವಿ ಹಚ್ಚಿದರು.

“ಚಾಲೂ ಮಾಡ್ರಿ ಬೀಗರ.”

“ಚಾಲೂನ ಐತ್ರಿ.”

ಮತ್ತೊಮ್ಮೆ ಕಿವಿ ಹಚ್ಚಿದರು. ಮುಖ ಅರಳಿತು. ಒಳಗೆ ಹೋದವರು ಮಗಳ ಗಂಟಿನ ಜೊತೆ ಇನ್ನೊಂದು ದೊಡ್ಡ ಗಂಟನ್ನೂ ತಂದರು.

“ಇಷ್ಟ್ ಛಲೋ ಗಾಡಿ ಐತಿ ಅಂದಮ್ಯಾಲ ನಾನೂ ಬರ್ತೀನ್ರಿ. ಹೆರಿಗಿ ಆಗೂತನಕ ಸೊಸಿ ಹಂತ್ಯಾಕ ಇರ್ತೀನಿ.”

ನಾನು ಎರಡೂ ಗಂಟುಗಳನ್ನು ಡಿಕ್ಕಿಗೆ ಹಾಕಿದೆ. ಅವರು ಮುಂದಿನ ಸೀಟಿನಲ್ಲಿ ಕೂತರು. ಊರು ದಾಟುವ ಮೊದಲೇ ಸೊಸೆ ಏನು ಉಣ್ಣಬೇಕು, ಯಾವ ಮಗ್ಗುಲಾಗಿ ಮಲಗಬೇಕು, ನಾನು ಯಾವ ಗುಂಡಿ ತಪ್ಪಿಸಬೇಕು, ಎಲ್ಲವನ್ನೂ ಹೇಳಿ ಮುಗಿಸಿ ಮತ್ತೆ ಮೊದಲಿನಿಂದ ಶುರು ಮಾಡಿದರು. ಎಂಜಿನ್ನಿನ ಟಕ್ ಟಕ್ ಇಲ್ಲದ್ದರಿಂದ ಒಂದಕ್ಷರವೂ ತಪ್ಪದೆ ಕೇಳಿಸುತ್ತಿತ್ತು. ಅವರು ನೀರು ಕುಡಿಯುವಷ್ಟರಲ್ಲಿ ಮಗಳನ್ನು ನಗಿಸಲೆಂದು ನಾಜಲ್ ಬದಲಿಸಿದ ಕಥೆ ಹೇಳಿದೆ.

ಅವಳು ನಗಲಿಲ್ಲ. ಹಿಂದಿನಿಂದ ಬಾಗಿ ನನ್ನ ಕಿವಿಯಲ್ಲಿ ಮೆಲ್ಲಗೆ ಕೇಳಿದಳು:

“ಅಪ್ಪಾ, ಆ ಹಳೇ ನಾಜಲ್ ತಿಪ್ಪಿಗಿ ಒಗದಬಿಟ್ಟಿಯೇನು?”