ಬಿಸಿಲಿನ ವಿರುದ್ಧ ಹನ್ನೆರಡೂವರೆಗೆ ಸಭೆ

ಸಮಾಜವನ್ನು ತಿದ್ದಲು ಒಂದು ಮೈಕು ಮತ್ತು ಇಪ್ಪತ್ತು ಜನ ಸಾಕೆಂಬುದು ಕಾಲೇಜಿನ ಚರ್ಚಾಸ್ಪರ್ಧೆಗಳ ಕಾಲದಿಂದಲೂ ನನ್ನ ದೃಢ ನಂಬಿಕೆ. ಮೈಕು ಇತ್ತು. ಜನರದೇ ಕೊರತೆ! ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ನನ್ನ ವಾದಕ್ಕೆ ಪ್ರತಿವಾದವಿರಲಿ, ‘ಸಾಕು ಸುಮ್ಮನಿರಿ’ ಎನ್ನುವವರೂ ಇರಲಿಲ್ಲ.

ಹೀಗಿರಲು ಬಿಸಿಗಾಳಿಯ ಎಚ್ಚರಿಕೆ ಬಂತು. ದುದ್ದದ ಬಳಿಯ ನಮ್ಮೂರನ್ನು ಪಾರುಮಾಡುವ ಹೊಣೆಯನ್ನು ಸರ್ವಾನುಮತದಿಂದ, ಅಂದರೆ ನನ್ನೊಬ್ಬನ ಮತದಿಂದ, ವಹಿಸಿಕೊಂಡೆ. ಮನೆಮನೆಗೂ ಕರಪತ್ರ ಹಂಚಿದೆ: ‘ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಯಾರೂ ಹೊರಗೆ ಬರಬಾರದು.’ ಅದರ ಕೆಳಗೇ ಸಭೆಯ ಆಹ್ವಾನ. ರೈತರ ಪಂಪ್‌ಸೆಟ್ಟಿನ ಕರೆಂಟು ಹೋಗುವುದು ಹನ್ನೆರಡಕ್ಕೆ. ಅವರಿಗೆ ಬಿಡುವಾಗುವುದು ಆಮೇಲೆ. ಆದ್ದರಿಂದ ಸಭೆ ಹನ್ನೆರಡೂವರೆಗೆ, ಹಾಲಿನ ಡೇರಿಯ ಮುಂದೆ. ತರ್ಕದಲ್ಲಿ ಲೋಪವೇ ಇರಲಿಲ್ಲ!

ನಿಗದಿತ ಸಮಯಕ್ಕೆ ಇಪ್ಪತ್ತು ಕುರ್ಚಿಗಳು ಹಾಜರಿದ್ದವು. ಒಂದು ನಾಯಿ ಬಂದು, ಕುರ್ಚಿಯ ನೆರಳನ್ನು ಪರಿಶೀಲಿಸಿ, ಹೊರಟುಹೋಯಿತು. ಸಭಿಕರಿಗಾಗಿ ಕಾಯುವುದು ವಾಗ್ಮಿಯ ಧರ್ಮವೆಂದು ಮುಕ್ಕಾಲು ಗಂಟೆ ಬಿಸಿಲಲ್ಲೇ ನಿಂತೆ. ನಾಲಿಗೆ ಒಣಗಿತು, ತಲೆ ಸಿಡಿಯಿತು, ಬೆವರು ನಿಂತಿತು. ನಾನು ವಿವರಿಸಬೇಕಿದ್ದ ಲಕ್ಷಣಗಳೆಲ್ಲ ಅನುಕ್ರಮವಾಗಿ ನನ್ನಲ್ಲೇ ಕಾಣಿಸಿಕೊಂಡವು! ‘ಮಾನ್ಯ ಅಧ್ಯಕ್ಷರೇ’ ಎಂದು ಖಾಲಿ ಕುರ್ಚಿಗೆ ವಂದಿಸಿ ಕುಸಿದೆ.

ಡೇರಿಯ ಎದುರುಮನೆಯ ನಿಂಗಮ್ಮ ರಟ್ಟೆ ಹಿಡಿದು ತಮ್ಮ ಜಗಲಿಗೆ ಎಳೆದುಕೊಂಡು ಹೋಗಿ, ತಲೆಗೆ ಒಂದು ಬಿಂದಿಗೆ ನೀರು ಸುರಿದರು.

“ಯಾರೂ ಯಾಕೆ ಬರಲಿಲ್ಲ, ನಿಂಗಮ್ಮ?” ಕಣ್ಣು ಬಿಟ್ಟೊಡನೆ ಕೇಳಿದೆ.

“ನಿಮ್ಮನೆ ಕಾಯ್ವಾಗ! ಈಚೆ ಬರ್ಬ್ಯಾಡಿ ಅಂತ ಚೀಟಿ ಅಂಚಿದ್ದು ನೀವೇ ತಾನೆ ಮೇಷ್ಟ್ರೇ? ಊರೇ ಬಾಗ್ಲಾಕ್ಕೊಂಡು ಮನಗದೆ!”

“ಕೆಳಗೆ ಸಭೆಯ ಸಮಯವೂ ಇತ್ತಲ್ಲ?”

“ಮ್ಯಾಗ್ಲುದ್ನ ಕೇಳದಾ, ಕೆಳಗ್ಲುದ್ನ ಕೇಳದಾ? ಮೊದ್ಲು ಮಜ್ಗೆ ಕುಡೀರಿ. ಯಾರ್ಗಾರಾ ಪೋನ್ ಮಾಡುಸ್ಲಾ?”

“ಯಾರಿಗೆ?” ಎಂದೆ.

ನಿಂಗಮ್ಮ ಮಜ್ಜಿಗೆಯ ಲೋಟವನ್ನು ನನ್ನ ಕೈಗಿಟ್ಟರು.

“ಓಗ್ಲಿ ಬುಡಿ,” ಎಂದರು ನಿಂಗಮ್ಮ. “ಬಿಸ್ಲು ಇಳಿಯಗಂಟ ಇಲ್ಲೇ ಇರಿ. ಅದೇನ್ ಬಾಸ್ಣವೋ ನಂಗೇ ಏಳಿ.”

ಹೇಳಿದೆ. ಪೀಠಿಕೆ ಮುಗಿಯುವ ಮೊದಲೇ ಅವರು ಗೋಡೆಗೊರಗಿ ಗೊರಕೆ ಹೊಡೆದರು. ನಾನು ನಿಲ್ಲಿಸಲಿಲ್ಲ, ಎಚ್ಚರವಾದೀತೆಂದು ದನಿ ತಗ್ಗಿಸಿ ಮುಂದುವರಿಸಿದೆ. ಉಪಸಂಹಾರಕ್ಕೆ ಬರುವಷ್ಟರಲ್ಲಿ ಅಂಗಳದ ಬಿಸಿಲು ಬಾಡತೊಡಗಿತ್ತು. ಬಿಸಿಲಿನಿಂದ ಊರನ್ನೇ ಕಾಪಾಡಹೊರಟ ನಾನು, ಇನ್ನೊಂದು ಗಂಟೆ ಹೀಗೇ ಸುಡಲಪ್ಪಾ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ!